ತಿಳವಳ್ಳಿಯ ಗೊಬ್ಬರದಂಗಡಿಗೆ ಸರ್ವರ್ ಯಾಕ್ರೀ?

ನಾಲ್ಕು ಕಂಪ್ಯೂಟರ್ ಇರೋ ಆಫೀಸಿಗೆ ಸರ್ವರ್ ಬೇಕಾ? ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋರಿಗೆಲ್ಲ ಊರಿಂದ ಇಂಥದೊಂದು ಫೋನ್ ಬಂದೇ ಬರುತ್ತೆ. (ಪ್ರಿಂಟರ್ ರಿಪೇರಿ, ಅಳಿಸಿಹೋದ ಮದುವೆ ಫೋಟೋ... ಎಂಜಿನಿಯರಿಂಗ್ ಓದಿದ್ದಕ್ಕೆ ಇದು ಜೀವಾವಧಿ ಶಿಕ್ಷೆ!) ನನಗೆ ಬಂದದ್ದು ತಿಳವಳ್ಳಿಯಿಂದ. ಹಾನಗಲ್ ತಾಲೂಕಿನ ಈ ಊರಿನ ಶಾಂತೇಶ್ವರ ಗುಡಿಯನ್ನ ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿ ನಮ್ಮ ಕಾಕಾನ ಬೀಜ-ಗೊಬ್ಬರದ ಅಂಗಡಿ ಇದೆ. ಸುಗ್ಗಿಯಲ್ಲಿ ಗೋವಿನಜೋಳದ ಖರೀದಿಯೂ ಉಂಟು. ಯಾರೋ ಒಬ್ಬರು ಬಂದು ಟವರ್ ಸರ್ವರ್, ವಿಂಡೋಸ್ ಸರ್ವರ್ ಪರವಾನಗಿ, ತಲೆಗೊಂದು ಬೇರೆ ಪರವಾನಗಿ ಅಂತ ಎರಡು ಲಕ್ಷದ ಹತ್ತಿರ ಕೊಟೇಶನ್ ಕೊಟ್ಟು ಹೋಗಿದ್ದರು.

"ಸರ್ವರ್ ಇಲ್ಲಂದ್ರ ನಾಲ್ಕೂ ಕಂಪ್ಯೂಟರ್‌ನ್ಯಾಗ ಟ್ಯಾಲಿ ನಡ್ಯೂದಿಲ್ಲಂತ, ಖರೇ ಏನೋ ತಮ್ಮಾ?"

ಖರೇ ಅಲ್ಲ. ವಿಂಡೋಸ್ 11 ಪ್ರೊ ಇರುವ ಮಾಮೂಲಿ ಡೆಸ್ಕ್‌ಟಾಪಿನ ಫೋಲ್ಡರನ್ನೇ 20 ಯಂತ್ರಗಳವರೆಗೆ ಹಂಚಿಕೊಳ್ಳಬಹುದು, ಪರವಾನಗಿಯಲ್ಲೇ ಅದಕ್ಕೆ ಅವಕಾಶ ಇದೆ. ಟ್ಯಾಲಿಗೆ ಬಹುಬಳಕೆದಾರ ಪರವಾನಗಿ ಬೇಕು ನಿಜ, ಆದರೆ ಅದು ಬೇರೆ ಲೆಕ್ಕ.

ನಮ್ಮ ಕಡೆ ಜನ ಸರ್ವರ್ ಅನ್ನೋ ಪದ ಕಲಿತಿದ್ದೇ ಸರ್ಕಾರಿ ಕಚೇರಿಯಲ್ಲಿ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋದಾಗ ಪ್ರತಿ ತಾಲೂಕು ಕಚೇರಿಯಲ್ಲೂ ಸರ್ವರ್ ಕೂತಿತು. ಅದಕ್ಕೆ ಅರ್ಥ ಇತ್ತು. ಇಡೀ ತಾಲೂಕಿನ ದಾಖಲೆ ಅಲ್ಲೇ ಇರಬೇಕಿತ್ತು, ದೂರದಿಂದ ಎಳೆದು ತರುವಷ್ಟು ನೆಟ್‌ವರ್ಕ್ ಆಗ ಇರಲಿಲ್ಲ. ಆಮೇಲೆ ನೆಟ್‌ವರ್ಕ್ ಸುಧಾರಿಸಿ ಆ ದಾಖಲೆಯೆಲ್ಲ ರಾಜ್ಯದ ಡೇಟಾ ಸೆಂಟರಿಗೆ ಹೋಯಿತು. ಸರ್ಕಾರವೇ ಕೈಬಿಟ್ಟ ವ್ಯವಸ್ಥೆಯನ್ನ ನಾಲ್ಕು ಕಂಪ್ಯೂಟರಿನ ಅಂಗಡಿಗೆ ಯಾಕೆ ಮಾರಬೇಕು?

ಇರಲಿ, ವಿಷಯಕ್ಕೆ ಬರೋಣ. ದುಡ್ಡು ಮೊದಲು ಕರೆಂಟಿಗೆ ಹೋಗಬೇಕು ಅನ್ನೋದು ನನ್ನ ವಾದ. ಕಂಪ್ಯೂಟರಿನ ಬೆಲೆ ಆಮೇಲೆ ಮಾತಾಡೋಣ. ಪಂಪ್‌ಸೆಟ್‌ಗಳು ಶುರುವಾದ ಹೊತ್ತಿಗೆ ವೋಲ್ಟೇಜ್ ಕುಸಿಯೋದು, ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಲೈನ್ ಹೋಗೋದು ಹಳ್ಳಿಯವರಿಗೆ ಹೇಳಿಕೊಡಬೇಕಿಲ್ಲ. ಮನೆಯ ಇನ್ವರ್ಟರ್ ಬಲ್ಬಿಗೆ ಸಾಕು. ಅದು ಬ್ಯಾಟರಿಗೆ ಬದಲಾಗೋ ಆ ಒಂದು ಚಣದಲ್ಲಿ ಕಂಪ್ಯೂಟರ್ ಆರಿಹೋಗಬಹುದು, ಟ್ಯಾಲಿ ಕಡತ ಬರೆಯುತ್ತಿದ್ದರೆ ಅದೂ ಕೆಡಬಹುದು. ಡೇಟಾ ಇರುವ ಯಂತ್ರಕ್ಕೊಂದು ಆನ್‌ಲೈನ್ ಯುಪಿಎಸ್, ಅದಕ್ಕಿಂತ ಮೊದಲು ಸರಿಯಾದ ಅರ್ಥಿಂಗ್. ಕಾಕಾನ ಅಂಗಡಿಯಲ್ಲಿ ಅರ್ಥಿಂಗ್ ತಂತಿ ಗೋಡೆಯೊಳಗೆ ಹೋಗಿ ಅಲ್ಲೇ ಮುಗಿದಿತ್ತು! ಇಂಟರ್ನೆಟ್ಟಿಗೆ ಫೈಬರ್ ಹಾಕಿಸಿ ಅಂದೆ. ಹಳೆಯ ಟೆಲಿಫೋನ್ ತಂತಿಯಲ್ಲಿ ಸಿಡಿಲು ನೇರ ಮೋಡೆಮ್ಮಿಗೆ ಬರುತ್ತಿತ್ತು, ಗಾಜಿನೆಳೆಯಲ್ಲಿ ವಿದ್ಯುತ್ ಹರಿಯೋದಿಲ್ಲ.

ಎರಡನೆಯದು ಬ್ಯಾಕಪ್. ಕೊಟೇಶನ್ನಿನಲ್ಲಿ ಎರಡು ಡಿಸ್ಕ್ ಜೋಡಿಸಿ 'ರೇಡ್ ಇದೆ, ಡೇಟಾ ಭದ್ರ' ಅಂತ ಬರೆದಿದ್ದರು. ಒಂದು ಡಿಸ್ಕ್ ಸತ್ತರೆ ಇನ್ನೊಂದು ನಡೆಸುತ್ತೆ, ಅಷ್ಟೇ. ತಪ್ಪಿ ಅಳಿಸಿದ ಕಡತ ಎರಡರಲ್ಲೂ ಅಳಿಯುತ್ತೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹರಡಿದ್ದು ವಿಂಡೋಸಿನ ಇದೇ ಫೈಲ್ ಹಂಚಿಕೆಯ ದಾರಿಯಿಂದ ಅನ್ನೋದು ನೆನಪಿರಲಿ. ಆದ್ದರಿಂದ ಎರಡು ಹೊರಗಿನ ಡಿಸ್ಕ್. ಒಂದು ಅಂಗಡಿಯಲ್ಲಿ, ಒಂದು ಮನೆಯ ಟ್ರೆಜರಿಯಲ್ಲಿ, ವಾರಕ್ಕೊಮ್ಮೆ ಅದಲುಬದಲು. ಬ್ಯಾಕಪ್ ಮುಗಿದ ಕೂಡಲೇ ಬಿಚ್ಚಿಡೋದು. ತಿಂಗಳಿಗೊಮ್ಮೆ ಅದರಿಂದ ಲೆಕ್ಕ ತೆರೆದು ನೋಡೋದು. ರೈತರು ಬಿತ್ತೋವಾಗ ಉದ್ರಿ ಒಯ್ದು ಪೀಕು ಬಂದ ಮೇಲೆ ಕೊಡ್ತಾರೆ. ನಡುವಿನ ತಿಂಗಳುಗಳಲ್ಲಿ ಆ ಲೆಕ್ಕ ಹೋದರೆ ದುಡ್ಡೂ ಹೋಯಿತು, ಯಾರಿಗೆ ಎಷ್ಟು ಅನ್ನೋ ಜಗಳವೂ ಬಂತು. ಜಿಎಸ್‌ಟಿ ಕಾನೂನು ಬೇರೆ, ಆ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು ಅನ್ನುತ್ತೆ.

ಈಗ ಲಿನಕ್ಸ್ ಗೆಳೆಯರು ಬೈಯೋ ಭಾಗ. ನಾನು ಮನೆಯಲ್ಲಿ ಡೆಬಿಯನ್ ಬಳಸೋನು. ಡೆಬಿಯನ್, ಅದರ ಮೇಲೆ ಸಾಂಬಾ ಹಾಕಿದರೆ ಈ ಕೆಲಸ ಪುಕ್ಕಟೆಯಾಗಿ, ಚೆನ್ನಾಗಿಯೇ ಆಗುತ್ತೆ. ಆದರೂ ಕಾಕಾನಿಗೆ ವಿಂಡೋಸೇ ಇರಲಿ ಅಂದೆ. ಸಂಜೆ ಆರಕ್ಕೆ ಯಂತ್ರ ನಿಂತರೆ ಹಾನಗಲ್ಲಿನಿಂದ ಬೈಕ್ ಹತ್ತಿ ಬರೋ ಹುಡುಗನಿಗೆ ವಿಂಡೋಸ್ ಗೊತ್ತು, ಸಾಂಬಾ ಗೊತ್ತಿಲ್ಲ. ಸಾಂಬಾ ಗೊತ್ತಿರೋ ನಾನು ಒಂದು ರಾತ್ರಿ ಬಸ್ಸಿನ ದೂರದಲ್ಲಿದ್ದೀನಿ. ಸ್ವಾತಂತ್ರ್ಯ ಅಂದರೆ ಅವರು ಬೆಂಗಳೂರಿನ ಅಣ್ಣನ ಮಗನಿಗೆ ಕಾಯೋದಾ, ನೀವೇ ಹೇಳಿ.

ಸೆಕೆಂಡ್‌ಹ್ಯಾಂಡ್ ಯಂತ್ರ ಕೊಳ್ಳೋರಿಗೆ ಒಂದು ಮಾತು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ ಆದರೆ ಎಂಟನೇ ತಲೆಮಾರಿಗಿಂತ ಹಳೆಯದಕ್ಕೆ 11 ಅಧಿಕೃತವಾಗಿ ಬಹುತೇಕ ಬರೋದಿಲ್ಲ. ಅಗ್ಗ ಅಂತ ಒಯ್ಯಬೇಡಿ.

ಇನ್ನು ನಮ್ಮ ನಿಮ್ಮ ಹಳೇ ಜಗಳ, ಯೂನಿಕೋಡ್. ಅಂಗಡಿಯ ಉದ್ರಿ ಪಟ್ಟಿ ಎಕ್ಸೆಲ್‌ನಲ್ಲಿದೆ, ಹಳೆಯ ನುಡಿ ಫಾಂಟಿನಲ್ಲಿ. ಫಾಂಟ್ ಬದಲಿಸಿದರೆ ಕನ್ನಡ ಮಾಯ, ಬರೀ ಇಂಗ್ಲಿಷ್ ಅಕ್ಷರದ ಕಸ. ಒಳಗಿದ್ದದ್ದು ಅದೇ ತಾನೆ! ಯೂನಿಕೋಡಿನಲ್ಲಿ 'ತಿಳವಳ್ಳಿ' ಅಂತ ಹುಡುಕಿದರೆ ಏನೂ ಸಿಗೋದಿಲ್ಲ, ಹೆಸರುಗಳು ಅಕಾರಾದಿಯಲ್ಲಿ ಬರೋದಿಲ್ಲ. ಎರಡು ಲಕ್ಷದ ಸರ್ವರ್ ಮೇಲಿಟ್ಟರೂ ಅದು ಹಾಗೇ ಇರುತ್ತೆ. ಕೊಟೇಶನ್ನಿನಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ. ಬಿಲ್ಲಿಂಗ್ ತಂತ್ರಾಂಶ ಯಾವುದೇ ಕೊಳ್ಳಿ, ಮಾರಲು ಬಂದವರ ಎದುರಿಗೇ ಯೂನಿಕೋಡಿನಲ್ಲಿ ಒಂದು ಹೆಸರು ಟೈಪ್ ಮಾಡಿಸಿ, ಹುಡುಕಿಸಿ, ಬೇರೆ ಕಂಪ್ಯೂಟರಿನಲ್ಲಿ ತೆರೆಸಿ ನೋಡಿ.

ಆ ಪಟ್ಟಿಯನ್ನ ಈಗ ಪರಿವರ್ತಿಸ್ತಾ ಇದೀನಿ. ಅರ್ಧ ಆಗಿದೆ. ಅರ್ಕಾವೊತ್ತು ಇರೋ ಹೆಸರುಗಳು ಕೆಟ್ಟು ಬರ್ತಿವೆ, ಧರ್ಮಪ್ಪ, ಪಾರ್ವತೆವ್ವ ಎಲ್ಲರನ್ನೂ ಕೈಯಿಂದ ತಿದ್ದಬೇಕು. ಇದನ್ನ ಸರಿಯಾಗಿ ಮಾಡೋ ಪರಿವರ್ತಕ ನಿಮಗೆ ಗೊತ್ತಿದ್ದರೆ ತಿಳಿಸಿ.