ಮಳೆನೀರಿಗೊಂದು ಮೂಲೆ



2005ನೆಯ ಇಸವಿಯ ಜುಲೈ 26ರ ಮಳೆಯನ್ನು ನೀವು ಕಂಡವರಲ್ಲ. ಹಿರಿಯರ ಬಾಯಿಂದ ಕೇಳಿರಬಹುದು. ಅಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳೊಳಗೆ 944 ಮಿಲಿಮೀಟರ್ ಮಳೆ ಸುರಿಯಿತು. ಮಿಠೀ ನದಿ ಉಕ್ಕಿ ಹರಿಯಿತು. ನೂರಾರು ಮಂದಿ ಅಸುನೀಗಿದರು. ಅದು ಅಪರೂಪದ ಮಳೆಯೆಂಬುದು ನಿಜ. ಆದರೆ ಪ್ರತಿ ವರ್ಷದ ಸಾಧಾರಣ ಮಳೆಗೂ ನಮ್ಮ ಬೀದಿಗಳು ಹೊಳೆಗಳಾಗುವುದೇಕೆ?

ಈ ನಗರದ ಹಳೆಯ ಗಟಾರಗಳು ಗಂಟೆಗೆ 25 ಮಿಲಿಮೀಟರ್ ಮಳೆಗೆಂದು ಕಟ್ಟಿದವು. ಬಿದ್ದ ಮಳೆಯಲ್ಲಿ ಅರ್ಧದಷ್ಟು ಮಾತ್ರ ಗಟಾರಕ್ಕೆ ಬರುವುದು, ಉಳಿದರ್ಧವನ್ನು ನೆಲವೇ ಕುಡಿಯುವುದು ಎಂಬುದು ಅಂದಿನ ಲೆಕ್ಕ. ನಾವಾದರೋ ಆ ನೆಲದ ಬಾಯಿಗೆ ಸಿಮೆಂಟು ಮೆತ್ತಿದೆವು. ಕುಡಿಯುವವನ ಬಾಯಿ ಕಟ್ಟಿ, ಗಟಾರ ಚಿಕ್ಕದಾಯಿತೆಂದು ಗೊಣಗುವುದು ನ್ಯಾಯವೇ? ಗಟಾರಗಳನ್ನು ಹಿಗ್ಗಿಸುವುದು ಅವಶ್ಯವೇ. ಆದರೆ ನೆಲಕ್ಕೆ ಅದರ ಪಾಲಿನ ಕೆಲಸವನ್ನು ಮರಳಿ ಕೊಡದೆ ಅದೊಂದೇ ಸಾಲದೆಂಬುದು ನನ್ನ ಅಭಿಪ್ರಾಯ.

ನಮ್ಮೂರ ಕೆರೆಗೆ ಹಳ್ಳ ಬಂದು ಸೇರುವೆಡೆಯಲ್ಲಿ ಜೊಂಡು ದಟ್ಟವಾಗಿ ಬೆಳೆದಿತ್ತು. ಕೆಂಪಗೆ ಬಂದ ನೀರು ಅದರ ನಡುವೆ ಹಾದು, ಹೂಳನ್ನು ಅಲ್ಲಿಯೇ ಇಳಿಸಿ, ತಿಳಿಯಾಗಿ ಕೆರೆಗಿಳಿಯುವುದನ್ನು ಬಾಲ್ಯದಲ್ಲಿ ಕಂಡಿದ್ದೇನೆ. ಅಮೆರಿಕದ ಮೇರಿಲ್ಯಾಂಡ್ ಪ್ರಾಂತದಲ್ಲಿ 1990ರ ದಶಕದ ಆರಂಭದಲ್ಲಿ, ಇದಕ್ಕೆ ಹತ್ತಿರವಾದ ತತ್ತ್ವದಿಂದಲೇ ಮನೆಗಳ ಅಂಗಳಗಳಲ್ಲಿ ಚಿಕ್ಕ ತೋಟಗಳನ್ನು ರೂಪಿಸಿದರು. ಅವುಗಳನ್ನು ಮಳೆತೋಟಗಳೆನ್ನೋಣ.

ಇದರ ರಚನೆ ಸರಳ. ಅಂಗಳದ ತಗ್ಗಿನಲ್ಲಿ ಗುಂಡಿ ತೋಡಿ, ತಳಕ್ಕೆ ಜಲ್ಲಿ, ಅದರ ಮೇಲೆ ಮರಳು, ಎಲ್ಲಕ್ಕೂ ಮೇಲೆ ಗೊಬ್ಬರ ಬೆರೆತ ಮರಳುಮಣ್ಣು ಹಾಕಬೇಕು. ಮೇಲ್ಭಾಗವನ್ನು ಅಂಗಳಕ್ಕಿಂತ ಒಂದು ಗೇಣು ತಗ್ಗಾಗಿ ಬಿಟ್ಟು, ನಾಲ್ಕು ತಿಂಗಳ ನೀರನ್ನೂ ಎಂಟು ತಿಂಗಳ ಬಿಸಿಲನ್ನೂ ತಾಳುವ ಲಾವಂಚದಂಥ ಗಿಡಗಳನ್ನು ನೆಡಬೇಕು. ಹೆಚ್ಚಾದ ನೀರು ಗಟಾರಕ್ಕೆ ಹೋಗಲು ಒಂದು ಕೊಳವೆ ಇರಲಿ. ಮೊದಲ ಮಳೆಯು ಬೀದಿಯ ಧೂಳು, ವಾಹನಗಳ ಎಣ್ಣೆ, ಲೋಹದ ಕಣಗಳನ್ನು ತೊಳೆದು ತರುತ್ತದೆ. ಹೂಳನ್ನು ಮರಳು ತಡೆಯುತ್ತದೆ. ಲೋಹವು ಬಹುಮಟ್ಟಿಗೆ ಮಣ್ಣಿಗೆ ಅಂಟುತ್ತದೆ. ಎಣ್ಣೆಯನ್ನು ಬೇರುಗಳ ಸುತ್ತಣ ಸೂಕ್ಷ್ಮಜೀವಿಗಳು ಜೀರ್ಣಿಸುತ್ತವೆ. ಬೇರುಗಳೋ ಮಣ್ಣು ಗಟ್ಟಿಯಾಗದಂತೆ ನೀರಿಗೆ ದಾರಿ ತೆರೆದಿಡುತ್ತವೆ.

ನಿಮ್ಮ ಗಣಿತವನ್ನು ಇಲ್ಲಿ ಪ್ರಯೋಗಿಸಿರಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರು ನೀರು. 100 ಚದರ ಮೀಟರಿನ ಅಂಗಳದಲ್ಲಿ ಹತ್ತನೆಯ ಒಂದು ಪಾಲನ್ನು 15 ಸೆಂಟಿಮೀಟರ್ ತಗ್ಗಿಸಿದರೆ ಅಲ್ಲಿ 1,500 ಲೀಟರು ನಿಲ್ಲುತ್ತದೆ. ಎಂದರೆ ಇಡೀ ಅಂಗಳದ 15 ಮಿಲಿಮೀಟರ್ ಮಳೆ! 2005ರಂಥ ಪ್ರಳಯವನ್ನು ಇದು ತಡೆಯಲಾರದು. ಆದರೆ ಹನಿಹನಿಗೂಡಿ ಹಳ್ಳವಾಗುವುದು ನಿಜವಾದರೆ, ಅಂಗಳ ಅಂಗಳದಲ್ಲಿಯೂ ಹನಿಗಳನ್ನು ತಡೆದು ಹಳ್ಳವನ್ನು ಕುಗ್ಗಿಸಬಹುದೆಂಬುದೂ ನಿಜವಲ್ಲವೇ?

ಸೊಳ್ಳೆಗಳ ಭಯವನ್ನು ಕೆಲವರು ಮುಂದೊಡ್ಡುತ್ತಾರೆ. ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು; ಸರಿಯಾಗಿ ಮಾಡಿದ ತೋಟದಲ್ಲಿ ನೀರು ಒಂದೆರಡು ದಿನಗಳಲ್ಲಿ ಇಂಗಿಹೋಗುತ್ತದೆ. ಆದರೆ ವರ್ಷವರ್ಷವೂ ಹೂಳೆತ್ತದೆ, ಕಸ ಬಳಿಯದೆ ಬಿಟ್ಟರೆ ಅವರ ಭಯವೇ ನಿಜವಾದೀತು. ಕೊಳಚೆನೀರನ್ನಂತೂ ಅದರತ್ತ ಬಿಡಲೇಕೂಡದು.

ನಮ್ಮ ಶಾಲೆಯ ಅಂಗಳದಲ್ಲಿ ಉಳಿದಿರುವ ಮಣ್ಣಿನ ಮೂಲೆಗೂ ಕಲ್ಲು ಹಾಸಬೇಕೆಂಬ ಮಾತು ನಡೆದಿದೆ. ಕೆಸರಿನ ಕಾಟವನ್ನು ನಾನೂ ಬಲ್ಲೆ. ತರಗತಿಯೊಳಗೆ ಬರುವ ನಿಮ್ಮ ಕಾಲುಗಳೇ ಅದಕ್ಕೆ ಸಾಕ್ಷಿ! ಆದರೂ ಆ ಮೂಲೆಯನ್ನು ಮಳೆಗೆ ಬಿಟ್ಟುಕೊಡಬೇಕೆಂದು ಹಿರಿಯರಲ್ಲಿ ನನ್ನ ವಿನಂತಿ. ಅವರು ಒಪ್ಪಿದರೆ ಗುದ್ದಲಿ ಹಿಡಿಯಲು ನಾನು ಸಿದ್ಧ. ವರ್ಷಕ್ಕೊಮ್ಮೆ ಹೂಳೆತ್ತಲು ನೀವು ಸಿದ್ಧರಿದ್ದೀರಾ?