ಬುರ್ಜ್ ಖಲೀಫಾ: ನಮ್ಮ ಬೆರಗಿನ ಬಗ್ಗೆ ಒಂದು ತಕರಾರು

ದುಬೈಗೆ ಹೋಗಿಬಂದ ನಮ್ಮ ಬರಹಗಾರರ ಪ್ರವಾಸಕಥನಗಳಲ್ಲಿ ಬುರ್ಜ್ ಖಲೀಫಾದ ಅಧ್ಯಾಯವೊಂದು ಇದ್ದೇ ಇರುತ್ತದೆ. ಎತ್ತರ 828 ಮೀಟರ್, ಅಂತಸ್ತುಗಳು 163, ನಿಮಿಷಮಾತ್ರದಲ್ಲಿ 124ನೆಯ ಅಂತಸ್ತಿಗೆ ಒಯ್ಯುವ ಲಿಫ್ಟು, ಸುತ್ತ ಹೊಸದಾಗಿ ಎಬ್ಬಿಸಿದ ಡೌನ್‌ಟೌನ್‌ನ ವೈಭವ, ಕೊನೆಗೆ ಲೇಖಕರ ಧನ್ಯತೆ. ಓದಿ ಓದಿ ಬೇಸರವಾಗಿದೆ. ಬೇಸರ ಎಂಬುದೂ ಸೌಜನ್ಯದ ಮಾತೇ.

ಆ ಎತ್ತರವನ್ನೇ ನೋಡಿ. ಗಗನಚುಂಬಿಗಳ ಎತ್ತರವನ್ನು ಅಳೆಯುವ ಅಂತಾರಾಷ್ಟ್ರೀಯ ಮಂಡಳಿಯೇ 2013ರಲ್ಲಿ ಲೆಕ್ಕಹಾಕಿದಂತೆ, ತುದಿಯ 244 ಮೀಟರುಗಳಲ್ಲಿ ಮನುಷ್ಯರು ಬಾಳಿ ಬದುಕುವ ಒಂದು ಅಂತಸ್ತೂ ಇಲ್ಲ. ಮಂಡಳಿ ಅದಕ್ಕೆ ‘ವ್ಯಾನಿಟಿ ಹೈಟ್’ ಎಂದು ಹೆಸರಿಟ್ಟಿತು. ಕನ್ನಡದಲ್ಲಿ ಒಣಜಂಭದ ಎತ್ತರ ಎನ್ನೋಣ. ಮೂರು ಕುತುಬ್ ಮಿನಾರುಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ತುಂಬದಷ್ಟು ಜಂಭ! ಮನೆ, ಕಚೇರಿ, ಹೋಟೆಲುಗಳೆಲ್ಲ ಅದರ ಕೆಳಗೇ ಮುಗಿಯುತ್ತವೆ. ಹೆಸರಿನ ಕಥೆಯೂ ಸ್ವಾರಸ್ಯಕರ. ಕಟ್ಟುವಷ್ಟು ಕಾಲವೂ ‘ಬುರ್ಜ್ ದುಬೈ’ ಆಗಿದ್ದದ್ದು 2010ರ ಜನವರಿ 4ರಂದು, ಉದ್ಘಾಟನೆಯ ಹೊತ್ತಿಗೆ, ಅಬುಧಾಬಿಯ ದೊರೆಯ ಹೆಸರನ್ನು ಧರಿಸಿತು. ಕೆಲವೇ ವಾರಗಳ ಹಿಂದೆ ಸಾಲದಲ್ಲಿ ಮುಳುಗುತ್ತಿದ್ದ ದುಬೈಗೆ ಅಬುಧಾಬಿ ಕೈಕೊಟ್ಟು ಎತ್ತಿತ್ತು. ಸಾಲಗಾರನ ಮಗುವಿಗೆ ಸಾಹುಕಾರನ ನಾಮಕರಣ.

ಇರಲಿ, ದೊರೆಗಳ ಜಂಭ ದೊರೆಗಳಿಗೆ. ನನ್ನ ಜಗಳ ನಮ್ಮವರೊಂದಿಗೆ. ಈ ಗೋಪುರಕ್ಕೆ 2 ಕೋಟಿ 20 ಲಕ್ಷ ‘ಮಾನವ-ಗಂಟೆ’ಗಳು ಹಿಡಿದವೆಂದು ಕಟ್ಟಿಸಿದವರು ಹೇಳಿಕೊಳ್ಳುತ್ತಾರೆ, ನಮ್ಮ ಲೇಖಕರು ಆ ಅಂಕಿಯನ್ನು ಭಕ್ತಿಯಿಂದ ನಕಲು ಮಾಡುತ್ತಾರೆ. ಆ ಗಂಟೆಗಳು ಯಾರವು? ಬಹುಪಾಲು ನಮ್ಮ ಉಪಖಂಡದಿಂದ ಹೋದ ಕೂಲಿಗಳವು. 2006ರ ಮಾರ್ಚಿನಲ್ಲಿ ಅವರಲ್ಲಿ ಸುಮಾರು 2500 ಮಂದಿ ಇದೇ ನಿವೇಶನದಲ್ಲಿ ರೊಚ್ಚಿಗೆದ್ದು ಕಾರು, ಯಂತ್ರಗಳನ್ನು ಜಖಂಗೊಳಿಸಿದರು. ಸಂಘ ಕಟ್ಟುವ ಹಕ್ಕಿಲ್ಲದ ನಾಡಿನಲ್ಲಿ ಅಹವಾಲು ಹೇಳಲು ಬೇರೆ ದಾರಿ ಎಲ್ಲಿತ್ತು? ಅದೇ ವರ್ಷ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಅಲ್ಲಿಯ ಕಟ್ಟಡ ಕಾರ್ಮಿಕರ ತಡೆಹಿಡಿದ ಸಂಬಳ, ಕಿತ್ತಿಟ್ಟುಕೊಂಡ ಪಾಸ್‌ಪೋರ್ಟುಗಳ ಬಗ್ಗೆ ವರದಿಯನ್ನೇ ಹೊರತಂದಿತು. ಪ್ರವಾಸಕಥನಗಳಲ್ಲಿ ಇದಕ್ಕೆ ಒಂದು ಸಾಲಿನ ಜಾಗವೂ ಇಲ್ಲ.

ಬೇರೆಯವರು ಮರೆತರೆ ಕ್ಷಮಿಸಬಹುದು. ಮುಂಬಯಿಯಲ್ಲಿ ಕುಳಿತು ಕನ್ನಡ ಬರೆಯುವ ನಾವು? ಕರಾವಳಿಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಅಂಗಡಿ ಮುಚ್ಚಿದ ಮೇಲೆ ಅಲ್ಲೇ ಮೈಚಾಚಿದ ಹುಡುಗರು ಈ ಊರಿನ ನಮ್ಮ ಸಾಹಿತ್ಯವನ್ನು ಕಟ್ಟಿದವರಲ್ಲವೇ? ಅವರ ಮೊಮ್ಮಕ್ಕಳಿಗೆ ಗಾಜಿನ ಹೊಳಪು ಮಾತ್ರ ಕಾಣುವುದಾದರೆ ಎಲ್ಲೋ ಏನೋ ಕೆಟ್ಟಿದೆ.

ಅದೇ ದುಬೈಯಲ್ಲಿ ಕಾರ್ಮಿಕರು ತಂಗುವ ಬಡಾವಣೆಯೊಂದಿದೆ. ಹೆಸರು ಸೋನಾಪುರ, ಚಿನ್ನದ ಊರು! ಇನ್ನು ಮುಂದೆ ಹೋಗುವವರು, ಲಿಫ್ಟಿನ ಟಿಕೆಟಿನ ಬೆಲೆ ಬರೆಯಲು ಮರೆಯದವರು, ಅಲ್ಲಿಯ ಒಂದು ಕೋಣೆಯಲ್ಲಿ ಎಷ್ಟು ಮಂಚಗಳಿವೆ ಎಂಬುದನ್ನೂ ಎಣಿಸಿ ಬರೆಯಲಿ.