ನೆನಪು ಗುರುತೇ ಹೊರತು ಆಧಾರವಲ್ಲ

‘ಮನುಷ್ಯನೆಂದರೆ ಅವನ ನೆನಪುಗಳ ಮೊತ್ತ’ ಎಂಬ ಮಾತು ಇಂದು ವಿಮರ್ಶೆಯಲ್ಲಿ ಪರೀಕ್ಷೆಯಿಲ್ಲದೆ ಚಲಾವಣೆಯಲ್ಲಿದೆ. ಆತ್ಮಕಥನಗಳ ಓದಿಗೂ ಪುರಾಣಕಾವ್ಯಗಳ ಭವಾವಳಿಯ ವ್ಯಾಖ್ಯಾನಕ್ಕೂ ಇದೇ ಅಳತೆಗೋಲು. ಅಳತೆಗೋಲೇ ಡೊಂಕಾಗಿದ್ದರೆ ಅಳತೆ ನೆಟ್ಟಗಾದೀತೆ?

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ಅವರಿಗೆ ಎಳವೆಯ ಘಟನೆಯೊಂದು ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಪ್ಯಾರಿಸಿನ ಬೀದಿಯಲ್ಲಿ ದಾದಿಯು ಮಗುವನ್ನು ಕೈಗಾಡಿಯಲ್ಲಿ ಕರೆದೊಯ್ಯುತ್ತಿದ್ದಾಗ ಒಬ್ಬಾತ ಅಪಹರಿಸಲೆತ್ನಿಸಿದ. ಅಡ್ಡ ನಿಂತ ದಾದಿಯ ಮುಖದಲ್ಲಿ ಪರಚುಗಾಯಗಳಾದವು. ಜನ ಸೇರಿದರು, ಪೊಲೀಸಿನವನು ಬಂದ, ಆತ ಓಡಿಹೋದ. ಪಿಯಾಜೆಗೆ ಸುಮಾರು 15 ವರ್ಷವಾದಾಗ ಅದೇ ದಾದಿ ಪತ್ರ ಬರೆದು, ಕಥೆಯನ್ನು ತಾನೇ ಕಟ್ಟಿದ್ದೆಂದು ಒಪ್ಪಿ, ಬಹುಮಾನವಾಗಿ ಪಡೆದಿದ್ದ ಗಡಿಯಾರವನ್ನು ಹಿಂದಿರುಗಿಸಿದಳು. ಕೇಳಿದ ಮಾತು ಕಂಡ ದೃಶ್ಯವಾಗಿ ಮಾರ್ಪಟ್ಟಿತ್ತು. ಆದರೆ ಆ ನೆನಪು ಸುಳ್ಳೆಂದು ತಿಳಿದವನೂ, ಅದನ್ನು ನಿಜವೆಂದು ನಂಬಿದ್ದವನೂ ಒಬ್ಬನೇ. ನೆನಪು ಬಿದ್ದುಹೋಯಿತು, ವ್ಯಕ್ತಿ ಬೀಳಲಿಲ್ಲ.

ಈ ವಾದಕ್ಕೆ ತಾತ್ತ್ವಿಕ ರೂಪ ಕೊಟ್ಟವರು ಜಾನ್ ಲಾಕ್. 1694ರಲ್ಲಿ ತಮ್ಮ ಗ್ರಂಥದ ಎರಡನೆಯ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ ಅವರು ವ್ಯಕ್ತಿಯ ಏಕತೆಯನ್ನು ಪ್ರಜ್ಞೆಯ ವ್ಯಾಪ್ತಿಯ ಮೇಲೆ ನಿಲ್ಲಿಸಿದರು. 1785ರಲ್ಲಿ ಥಾಮಸ್ ರೀಡ್ ಅದರ ಬಿರುಕನ್ನು ತೋರಿಸಿದರು: ಹುಡುಗನಾಗಿ ಏಟು ತಿಂದದ್ದನ್ನು ಯುವ ಅಧಿಕಾರಿ ನೆನೆಯುತ್ತಾನೆ, ಯುವ ಅಧಿಕಾರಿಯ ಸಾಹಸವನ್ನು ವೃದ್ಧ ಸೇನಾಪತಿ ನೆನೆಯುತ್ತಾನೆ, ಏಟನ್ನು ಮಾತ್ರ ಮರೆತಿದ್ದಾನೆ. ಹಾಗಾದರೆ ಸೇನಾಪತಿಯು ಆ ಹುಡುಗನೂ ಹೌದು, ಅಲ್ಲವೂ ಹೌದು ಎಂದಾಗುತ್ತದೆ. ನೆನಪುಗಳು ಸರಪಳಿಯಂತೆ ಕೊಂಡಿ ಬೆಸೆದರೆ ಸಾಕೆಂಬ ಸಮಾಧಾನವೂ ನಿಲ್ಲದು. ಹುಟ್ಟಿದ ಮೊದಲ ವರ್ಷಗಳು ಯಾರ ನೆನಪಿಗೂ ಎಟುಕುವುದಿಲ್ಲ. ಆದರೂ ಹೆತ್ತ ತಾಯಿಗೆ ತೊಟ್ಟಿಲ ಕೂಸು ಬೇರೆ, ಬೆಳೆದ ಮಗ ಬೇರೆ ಎಂದು ಯಾರೂ ಹೇಳುವುದಿಲ್ಲ.

ಪಂಪನ ‘ಆದಿಪುರಾಣ’ (941) ಈ ವಿಷಯದಲ್ಲಿ ಇಂದಿನ ವ್ಯಾಖ್ಯಾನಕಾರರಿಗಿಂತ ಎಚ್ಚರದ್ದು. ಶ್ರೀಮತಿಗೆ ಜಾತಿಸ್ಮರಣೆಯಾಗುತ್ತದೆ, ಹಿಂದಿನ ಭವದ ಚಿತ್ರವನ್ನು ಅವಳು ಪಟದಲ್ಲಿ ಬರೆಯುತ್ತಾಳೆ, ಅದನ್ನು ಕಂಡು ವಜ್ರಜಂಘನಿಗೆ ತಾನು ಲಲಿತಾಂಗನಾಗಿದ್ದುದು ನೆನಪಾಗುತ್ತದೆ. ಇದನ್ನೇ ‘ನೆನಪಿನಿಂದ ವ್ಯಕ್ತಿತ್ವ’ಕ್ಕೆ ಸಾಕ್ಷಿಯೆನ್ನುವವರು ಒಂದು ಪ್ರಶ್ನೆಗೆ ಉತ್ತರಿಸಬೇಕು: ಪಟವನ್ನು ಕಾಣುವ ಮುನ್ನಾದಿನ ವಜ್ರಜಂಘನು ಲಲಿತಾಂಗನ ಜೀವವಾಗಿರಲಿಲ್ಲವೆ? ಆಗಿದ್ದುದರಿಂದಲೇ ನೆನಪಾಯಿತು, ನೆನಪಾದುದರಿಂದ ಆಗಲಿಲ್ಲ. ಜೈನದರ್ಶನದ ಭಾಷೆಯಲ್ಲಿ ಸ್ಮೃತಿಯು ಹುಟ್ಟಿ ಅಳಿಯುವ ಪರ್ಯಾಯ, ಧ್ರೌವ್ಯವು ದ್ರವ್ಯದ್ದು. ಪರ್ಯಾಯದ ದೃಷ್ಟಿಯಿಂದ ಮಗು ಮುದುಕನಲ್ಲ, ದ್ರವ್ಯದ ದೃಷ್ಟಿಯಿಂದ ಬೇರೆಯೂ ಅಲ್ಲ. ಆತ್ಮವನ್ನು ಒಪ್ಪದವರಿಗೆ ಇಷ್ಟರಿಂದಲೇ ಆತ್ಮ ಸಿದ್ಧವಾಗದಿರಬಹುದು. ಆದರೆ ಆ ಸ್ಥಾನವನ್ನು ನೆನಪು ತುಂಬಲಾರದೆಂಬುದಂತೂ ಸಿದ್ಧ.

ಇದು ಬರಿಯ ತರ್ಕದ ಕಾದಾಟವಲ್ಲ. ಮರೆವಿನ ಕಾಯಿಲೆಯಿಂದ ಮಕ್ಕಳ ಹೆಸರನ್ನೂ ಮರೆತ ವೃದ್ಧೆಯೊಬ್ಬಳು ನೆನಪುವಾದದ ಪ್ರಕಾರ ಆ ಮಕ್ಕಳ ತಾಯಿಯಾಗಿ ಉಳಿಯುವುದಿಲ್ಲ. ಅವಳಿಗೆ ಸಲ್ಲಬೇಕಾದ ಋಣವೂ ಅವಳ ನೆನಪಿನೊಂದಿಗೇ ತೀರಿಹೋಗುತ್ತದೆ. ಇಂಥ ತೀರ್ಮಾನಕ್ಕೆ ಒಯ್ಯುವ ಸೂತ್ರವನ್ನು ತರಗತಿಯಲ್ಲಿ ಒಪ್ಪಿಸುವ ಮೊದಲು ವಿಮರ್ಶಕರು ಎರಡು ಬಾರಿ ಯೋಚಿಸಬೇಕು. ಅವಳು ಮಕ್ಕಳನ್ನು ಮರೆತಿರಬಹುದು. ಮಕ್ಕಳನ್ನು ಹೆತ್ತವಳು ಅವಳೇ.